ಒಂಬತ್ತೂಕಾಲರ ಚಳಿ

ಹೇಸ್, ಬಂದ ದಿನ

ಆ ಮನೆಯಲ್ಲಿ ನಾನು ಮೊದಲು ಹುಡುಕಿದ್ದು ಬೆಂಕಿಯನ್ನು. ಹೊರಗೆ ಉಸಿರು ಬಿಟ್ಟರೆ ಹೊಗೆಯಾಗುವಂಥ ಜನವರಿ. ಬಾಗಿಲು ದಾಟಿದರೆ ಶಿವರಾತ್ರಿ ಕಳೆದ ಮೇಲಿನ ಧಾರವಾಡದ ಹದವಾದ ಕಾವು. ಅದು ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯಲಿಲ್ಲ. ಒಲೆಯಿಲ್ಲ, ಹೀಟರಿನ ಕೆಂಪು ಸರಳುಗಳಿಲ್ಲ, ಗಾಳಿ ಊದುವ ಸದ್ದಿಲ್ಲ. ಕಿಟಕಿಯ ಕೆಳಗೆ ಬಿಳಿಯ ರೇಡಿಯೇಟರ್ ಇತ್ತು. ಕೈಯಿಟ್ಟು ನೋಡಿದೆ. ಬಿಸಿಯಾಗಿರಲಿಲ್ಲ, ತಣ್ಣಗೂ ಇರಲಿಲ್ಲ. ನಿದ್ದೆ ಹೋದವರ ಬೆನ್ನು ಮುಟ್ಟಿದಂತಿತ್ತು. ಕೈ ಹಿಂದಕ್ಕೆ ತೆಗೆದೆ.

ನನ್ನ ತಂಗಿ ವೀಣಾ ನಕ್ಕಳು. ಬಂದವರೆಲ್ಲ ಮೊದಲು ಅದನ್ನೇ ಮುಟ್ಟಿ, ಕೆಟ್ಟುಹೋಗಿದೆ ಎನ್ನುತ್ತಾರಂತೆ. ವೀಣಾ ಲಂಡನ್ನಿಗೆ ಬಂದು ಹನ್ನೆರಡು ವರ್ಷ. ಔಷಧ ಅಂಗಡಿಯೊಂದರಲ್ಲಿ ಕೆಲಸ. ಅವಳ ಗಂಡ ಆನಂದ ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ಸೂಪರ್‌ವೈಸರ್. ಲಂಡನ್ನಿನ ಅಂಚಿನ ಹೇಸ್‌ನಲ್ಲಿ ಅವರದು ಎಡಕ್ಕೂ ಬಲಕ್ಕೂ ನೆರೆಯವರೊಡನೆ ಗೋಡೆ ಹಂಚಿಕೊಂಡ ಸಾಲುಮನೆ. ಅಲ್ಲಿಯ ಮೂರನೆಯವರು ಆನಂದನ ತಾಯಿ. ವೀಣಾ ಕರೆಯುವಂತೆ ನಾನೂ ಅವರನ್ನು ಅತ್ಯಾ ಎಂದೇ ಕರೆಯುತ್ತೇನೆ. ವಿಜಯಪುರದವರು. ಅವರ ಯಜಮಾನರು ಅಲ್ಲಿ ಶಾಲಾ ಮಾಸ್ತರರಾಗಿದ್ದು ನಿವೃತ್ತರಾದ ಮೇಲೆ ಹೆಂಡತಿಯೊಡನೆ ಮಗನ ಮನೆಗೆ ಬಂದವರು. ಹಿಂದಿನ ಚಳಿಗಾಲದಲ್ಲಿ, ಮಹಡಿಯ ಮೇಲಿನ ಕೋಣೆಯಲ್ಲಿ ತೀರಿಕೊಂಡಿದ್ದರು.

ಆನಂದ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಯಂತ್ರ ತೋರಿಸಿದ. ಹಳೆಯ ಗ್ಯಾಸ್ ಬಾಯ್ಲರ್ ತೆಗೆಸಿ ಹೋದ ಬೇಸಿಗೆಯಲ್ಲಿ ಹಾಕಿಸಿದ ಹೀಟ್ ಪಂಪ್. ನಮ್ಮಲ್ಲಿ ಏಸಿಯ ಹೊರಗಿನ ಪೆಟ್ಟಿಗೆ ಇರುತ್ತದಲ್ಲ, ಅದರ ದೊಡ್ಡಣ್ಣನಂತೆ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಜಾಲರಿಯ ಹಿಂದೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಹೊರಗಿನ ಗಾಳಿಯಲ್ಲಿರುವ ಕಾವನ್ನು ಹೀರಿ, ಒಟ್ಟುಗೂಡಿಸಿ, ಒಳಗಿನ ಕೊಳವೆಗಳಲ್ಲಿ ಹರಿಯುವ ನೀರಿಗೆ ಕೊಡುತ್ತದಂತೆ. ಈ ಥಂಡಿಯಲ್ಲಿ ಕಾವು ಎಲ್ಲಿಂದ ಬರಬೇಕು ಎಂದು ಕೇಳಿದೆ.

“ಬರ್ಫದಾಗೂ ಸ್ವಲ್ಪ ಕಾವು ಉಳದಿರ್ತದ ಅಕ್ಕಾ. ನಮಗ ಗೊತ್ತಾಗೂದಿಲ್ಲ. ಅದಕ್ಕ ಗೊತ್ತಾಗ್ತದ.”

ಆ ಮಾತು ನನಗೆ ಹಿಡಿಸಲಿಲ್ಲ. ಯಾಕೆಂದು ಡೈರಿಯಲ್ಲಿ ಬರೆದಿಲ್ಲ.

ಊಟಕ್ಕೆ ಕೂತಾಗ ಇನ್ನೊಂದು ವಿಷಯ ತಿಳಿಯಿತು. ನವೆಂಬರಿನಲ್ಲಿ ಅತ್ಯಾರಿಗೆ ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಚಳಿ ತಾಗಬಾರದು, ಕೋಣೆ ಹಗಲೂ ರಾತ್ರಿ ಒಂದೇ ಹದದಲ್ಲಿರಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೈನಸ್ಸಿಗೆ ಇಳಿಯುವ ನಿಜವಾದ ಚಳಿ ಇನ್ನೂ ಬಂದಿರಲಿಲ್ಲ. ಅದು ಬಂದಾಗ ಯಂತ್ರ ತಡೆಯದಿದ್ದರೆ ತಾಯಿಯನ್ನು ಕಲಬುರಗಿಯ ಅಕ್ಕನ ಮನೆಗೆ ಕಳಿಸುವುದೆಂದು ಆನಂದ ನಿಶ್ಚಯ ಮಾಡಿದ್ದ. ನಾನು ಮೂರು ವಾರದೊಳಗೆ ಹಿಂದಿರುಗುವವಳು, ಜೊತೆಯಾಗುತ್ತದೆ. ಅತ್ಯಾ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಅವರನ್ನ ಇಲ್ಲೆ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ,” ಎಂದರು.

ಹೋದವರನ್ನು ಬಿಟ್ಟುಹೋಗುವುದು ಎಂದರೇನು ಎಂದು ಯಾರೂ ಕೇಳಲಿಲ್ಲ. ವೀಣಾ ಎಲ್ಲರಿಗೂ ಇನ್ನಷ್ಟು ಸಾರು ಬಡಿಸಿದಳು.

ಹೇಸ್, ಮೊದಲ ವಾರ

ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಕಣ್ಣಾರೆ ಕಂಡವರ ಮಾತನ್ನೂ ಇನ್ನೊಂದು ದಾಖಲೆಯ ಪಕ್ಕದಲ್ಲಿಟ್ಟು ನೋಡಬೇಕೆಂದು ಪ್ರತಿವರ್ಷ ಹುಡುಗರಿಗೆ ಹೇಳುವವಳು, ನನ್ನನ್ನೇ ನಂಬುವುದನ್ನು ಬಿಟ್ಟದ್ದು ಮಾತ್ರ ತಡವಾಗಿ. ಅವ್ವ ಕೊನೆಯ ಮಾತನ್ನು ನನ್ನ ಕೈ ಹಿಡಿದು ಹೇಳಿದಳೆಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆ ಕೈಯ ಒಣಗಿದ ಚರ್ಮ ಕೂಡ ನೆನಪಿತ್ತು. ಒಂದು ದಿನ ಹಳೆಯ ಡೈರಿ ಸಿಕ್ಕಿತು. ಆ ಮಧ್ಯಾಹ್ನ ನಾನು ಹುಬ್ಬಳ್ಳಿಯಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಅವ್ವನ ಕೈ ಹಿಡಿದು ಕೂತವಳು ವೀಣಾ. ಅವಳು ಫೋನಿನಲ್ಲಿ ಹೇಳಿದ್ದು ನನ್ನೊಳಗೆ ನನ್ನದಾಗಿತ್ತು.

ಅಂದಿನಿಂದ ಬೇಸರ ಬರುವಷ್ಟು ವಿವರವಾಗಿ ಬರೆಯುತ್ತೇನೆ. ಹೇಸ್‌ನ ಎರಡನೆಯ ದಿನದ ಪುಟ ಹೀಗಿದೆ: “ಏಳಕ್ಕೆ ಎಚ್ಚರ. ಚಹಾ ಎರಡು ಸಲ. ಒಂಬತ್ತಕ್ಕೆ ಸ್ನಾನ, ಗೀಸರ್ ಬಂದ್. ಅವಲಕ್ಕಿ. ಅತ್ಯಾರ ಕೆಮ್ಮು ಕಡಿಮೆ. ಕಾಲುವೆಯ ತನಕ ನಡೆದೆ, ಬಾತುಕೋಳಿಗಳು.” ಮುಂದಿನ ದಿನಗಳೂ ಹೆಚ್ಚುಕಡಿಮೆ ಇವೇ.

ಆನಂದ ಆರಕ್ಕೆ ಹೋಗುತ್ತಿದ್ದ, ವೀಣಾ ಎಂಟಕ್ಕೆ. ಅತ್ಯಾರ ಸ್ನಾನ ಐದು ಗಂಟೆಗೇ ಮುಗಿದಿರುತ್ತಿತ್ತು. ಎಲ್ಲರದಾದ ಮೇಲೆ ನನ್ನದು. ಮಹಡಿಯಲ್ಲಿ ಬಚ್ಚಲಿನ ಹೊರಗೆ, ಮೆಟ್ಟಿಲು ಮುಗಿಯುವಲ್ಲಿ, ಒಂದು ಚಿಕ್ಕ ಕಿಟಕಿ. ಅದರ ಕೆಳಗೆ ಅತ್ಯಾರ ಕುರ್ಚಿ. ಹಗಲೆಲ್ಲ ಅಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ನಾನು ಕೆಳಗೆ ಓದಿಕೊಂಡು ಇರುತ್ತಿದ್ದೆ.

ಧಾರವಾಡದ ನನ್ನ ಮನೆಯಲ್ಲಿ ಸದ್ದು ಹೊರಗಿನಿಂದ ಬರುತ್ತದೆ: ತರಕಾರಿಯವನು, ಪಕ್ಕದವರ ಕುಕ್ಕರು, ಯಾರದೋ ಸ್ಕೂಟರ್ ಹತ್ತಿಕೊಳ್ಳದೆ ಒದ್ದಾಡುವುದು. ಇಲ್ಲಿ ಕಿಟಕಿಗಳಿಗೆ ಎರಡೆರಡು ಗಾಜು. ಹೊರಗಿನದು ಏನೂ ಒಳಗೆ ಬರುವುದಿಲ್ಲವಾಗಿ ಮನೆಯದೇ ಸದ್ದು ಕೇಳುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅದು ಶುರುವಾಗುತ್ತಿತ್ತು. ಮೊದಲು ಗೋಡೆಯೊಳಗೆ ಟಿಕ್ ಎಂದು. ಸ್ವಲ್ಪ ಹೊತ್ತಿನ ಮೇಲೆ ಮರದ ಮೆಟ್ಟಿಲೊಂದು ಕಿರ್ ಎನ್ನುತ್ತಿತ್ತು. ಅದಾದ ಎಷ್ಟೋ ನಿಮಿಷಕ್ಕೆ ಇನ್ನೊಂದು ಮೆಟ್ಟಿಲು. ಯಾರೋ ಇಳಿಯುತ್ತ ಪ್ರತಿ ಮೆಟ್ಟಿಲಿಗೂ ನಿಂತು, ಏನೋ ಮರೆತೆನಲ್ಲ ಎಂದು ಯೋಚಿಸುವ ಹಾಗೆ.

ಮೂರನೆಯ ದಿನ ಅತ್ಯಾ ಮೇಲಿನಿಂದ ಕೂಗಿದರು.

“ಸುಧಾ, ಕೇಳಸ್ತೇನು?”

“ಏನು ಅತ್ಯಾ?”

“ಏನಿಲ್ಲ ಬಿಡು.”

ಆ ದನಿಯಲ್ಲಿ ಹೆದರಿಕೆಯಿರಲಿಲ್ಲ. ಮನೆಗೆ ನೆಂಟರು ಬಂದಾಗ ಒಳಗಿನಿಂದ ಹೆಂಗಸರು ಕೇಳುವಂಥ ದನಿ ಅದು. ನಾನು ಶಾಲು ಹೊದ್ದುಕೊಂಡೆ. ಬಂದ ದಿನದ ಕಾವು ಇಲ್ಲವೇನೋ ಎನಿಸಿ ರೇಡಿಯೇಟರ್ ಮುಟ್ಟಿದೆ. ಅದು ಎಂದೂ ಬಿಸಿಯಿಲ್ಲದ್ದರಿಂದ ಏನೂ ಗೊತ್ತಾಗಲಿಲ್ಲ.

ಕ್ರೋಯ್ಡನ್, ಶನಿವಾರ

ಶುಕ್ರವಾರ ನಿಜವಾದ ಚಳಿ ಬಂತು. ಹುಲ್ಲು ಬೆಳ್ಳಗಾಗಿ, ಕಾರಿನ ಗಾಜುಗಳ ಮೇಲೆ ಜರಿಯಂಥ ಗೆರೆಗಳು ಮೂಡಿದವು. ಶನಿವಾರ ವೀಣಾ ನನ್ನನ್ನು ಕ್ರೋಯ್ಡನ್ನಿನ ಗೆಳತಿಯ ಫ್ಲ್ಯಾಟಿಗೆ ಊಟಕ್ಕೆ ಕರೆದುಕೊಂಡು ಹೋಗುವವಳಿದ್ದಳು. ಆನಂದನಿಗೆ ಅಂದೂ ಡ್ಯೂಟಿ. ಬೇಗ ಎದ್ದು ಏಳಕ್ಕೆಲ್ಲ ಸ್ನಾನ ಮುಗಿಸಿದೆ.

ಹೊರಡುವಾಗ ಅತ್ಯಾ ಒಂದು ಒದ್ದೆ ಧೋತರ ಕೊಟ್ಟು ಒಣಹಾಕಲು ಹೇಳಿದರು. ಮಾಸ್ತರರದು. ತಿಂಗಳಿಗೊಮ್ಮೆ ಒಗೆದು, ಮಡಿಕೆ ಮಾಡಿ, ಅವರ ಫೋಟೋದ ಕೆಳಗೆ ಇಡುತ್ತಾರೆ. ಏಸಿಯ ಪೆಟ್ಟಿಗೆಯ ಮುಂದೆ ನಿಂತರೆ ಬಿಸಿಗಾಳಿ ಬಡಿಯುವುದು ನನಗೆ ಗೊತ್ತಿದ್ದ ಸಂಗತಿ. ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಹಿತ್ತಲಿಗೆ ಒಯ್ದು, ಹೀಟ್ ಪಂಪಿನ ಜಾಲರಿಗೆ ಎದುರಾಗಿಟ್ಟು, ಧೋತರ ಹರವಿದೆ. ಫ್ಯಾನು ತಿರುಗುತ್ತಿತ್ತೋ ಇಲ್ಲವೋ ನೋಡಲಿಲ್ಲ. ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದುಕೊಂಡು ಹೋದೆ.

ಕ್ರೋಯ್ಡನ್ನಿನಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿಯ ನಾಲ್ಕೈದು ಕುಟುಂಬಗಳು ಸೇರಿದ್ದವು. ಬಿಸಿಬೇಳೆಭಾತಿನ ನಡುವೆ ಮಾತೆಲ್ಲ ಮನೆ ಬೆಚ್ಚಗಿಡುವುದರ ಮೇಲೆಯೇ. ನಮ್ಮಲ್ಲಿ ನೀರು ಬಂತಾ ಎಂದು ಕೇಳುವ ಹಾಗೆ ಇಲ್ಲಿ ಹೀಟಿಂಗ್ ಸರಿಯಿದೆಯಾ ಎಂದು ಕೇಳುತ್ತಾರೆ. ಬೆಂಗಳೂರಿನವರೊಬ್ಬರು ಹೀಟ್ ಪಂಪು ಮೈನಸ್ಸಿನಲ್ಲಿ ಕೈ ಕೊಡುತ್ತದೆ ಎಂದರು. ಅವರ ಮನೆಯಲ್ಲಿ ಅದು ಇರಲಿಲ್ಲ. ಅದು ಇದ್ದ ಒಬ್ಬಾಕೆ, ತಮ್ಮದು ಮೂರು ಚಳಿಗಾಲ ಕಳೆದಿದೆ, ಒಮ್ಮೆಯೂ ನಿಂತಿಲ್ಲ ಎಂದರು. ನಿಮ್ಮದು ಹೊಸ ಮನೆ, ಗೋಡೆ ಗಟ್ಟಿ ಎಂದು ಮೊದಲಿನವರು ವಾದಿಸಿದರು. ವೀಣಾ ತಟ್ಟೆ ಕೆಳಗಿಟ್ಟು ಕೇಳುತ್ತಿದ್ದಳು. ಅವಳಿಗೆ ಅದು ಊಟದ ಹೊತ್ತಿನ ಹರಟೆಯಾಗಿರಲಿಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ಇಲ್ಲಿ ಜನವರಿಯ ನಾಲ್ಕು ಗಂಟೆ ಎಂದರೆ ಬೆಳಕು ಹೋಗುವ ಹೊತ್ತು, ಬಣ್ಣಗಳೆಲ್ಲ ಬೂದಿಯಾಗಿರುತ್ತವೆ. ಅಡಿಗೆಮನೆಯ ದೀಪ ಹಾಕುವ ಮೊದಲು ಹಿತ್ತಲಿನ ಕಿಟಕಿಯತ್ತ ನೋಡಿದೆ. ಹೀಟ್ ಪಂಪಿನ ಮುಂದೆ ಒಬ್ಬರು ನಿಂತಿದ್ದರು. ಬಿಳಿಯ ಧೋತರ, ನೆಟ್ಟಗೆ. ಧೋತರದ ಮೇಲೆ ಮೈ ಇರಬೇಕಾದಲ್ಲಿ ಏನೂ ಇರಲಿಲ್ಲ. ನೋಡುತ್ತಿದ್ದಂತೆ ಅವರ ಹಿಂದಿನಿಂದ ಬೆಳ್ಳನೆಯ ಹೊಗೆ ಉಕ್ಕಿ, ಸದ್ದಿಲ್ಲದೆ ಮೇಲೇರಿ, ಧೋತರಕ್ಕೆ ಭುಜವಾಯಿತು, ತಲೆಯಾಯಿತು, ಚೆದುರಿತು.

ನಾನು ಕಿರುಚಲಿಲ್ಲವೆಂದು ಡೈರಿ ಹೇಳುತ್ತದೆ. ಕಿರುಚಿದೆನೆಂದು ವೀಣಾ ಹೇಳುತ್ತಾಳೆ.

ಅವಳು ಹೊರಗೆ ಹೋಗಿ ಧೋತರವನ್ನು ಹಲಗೆಯಂತೆ ಎತ್ತಿಕೊಂಡು ಬಂದಳು. ಮಡಿಚಲು ಬರುವಂತಿರಲಿಲ್ಲ, ಬಾಗಿಲಿಗೆ ತಾಗಿ ಟಕಟಕ ಎಂದಿತು. ಸಂಜೆ ಆನಂದ ವಿವರಿಸಿದ. ಈ ಯಂತ್ರ ಏಸಿಗೆ ತಿರುಗುಮುರುಗು. ಗಾಳಿಯಿಂದ ಕಾವನ್ನು ಕಸಿದುಕೊಂಡು ಬಿಡುವುದರಿಂದ ಮುಂದಕ್ಕೆ ಬರುವ ಗಾಳಿ ಹೊರಗಿನದಕ್ಕಿಂತಲೂ ತಣ್ಣಗಿರುತ್ತದೆ. ಹಿಂಬದಿಯ ಲೋಹದ ತೆಳು ರೆಕ್ಕೆಗಳ ಮೇಲೆ ಮಂಜು ಕಟ್ಟಿದಾಗ ಯಂತ್ರ ತಾನೇ ಸ್ವಲ್ಪ ಹೊತ್ತು ಬಿಸಿಯಾಗಿ ಅದನ್ನು ಕರಗಿಸಿಕೊಳ್ಳುತ್ತದೆ. ಆ ಹಬೆ ನಾನು ಕಂಡದ್ದು. ಎಲ್ಲ ಸರಿಯಾಗಿತ್ತು. ಮಹಡಿಯ ಕಿಟಕಿಯಿಂದ ಅತ್ಯಾ ಕೂಡ ನೋಡಿದ್ದರು.

“ಹಂಗ ನಿಲ್ಲತಿದ್ರು ಅವರು,” ಎಂದರು. “ಮಾತಾಡಲಾರದ.”

ಹೇಸ್, ಬುಧವಾರ

ಸೋಮವಾರ ಸಂಜೆ ವೀಣಾ ಕೆಲಸದಿಂದ ಬಂದಾಗ ಮನೆಯೊಳಗೆ ಹದಿನಾರು ಡಿಗ್ರಿ. ಮಂಗಳವಾರ ಹದಿನಾಲ್ಕು. ಯಂತ್ರ ಮಾತ್ರ ಹಿತ್ತಲಿನಲ್ಲಿ ಜೋರಾಗಿ ಓಡುತ್ತಲೇ ಇತ್ತು. ರಾತ್ರಿಯೆಲ್ಲ ಓಡಿ ಬೆಳಗಿನ ಹೊತ್ತಿಗೆ ಹದಿನೇಳಕ್ಕೆ ತರುತ್ತಿತ್ತು. ಮರುದಿನ ಸಂಜೆಗೆ ಮತ್ತೆ ಇಳಿದಿರುತ್ತಿತ್ತು. ಅತ್ಯಾರ ಕೆಮ್ಮು ಎದೆಯ ಆಳಕ್ಕೆ ಹೋಯಿತು. ಆನಂದ ನನ್ನ ವಿಮಾನದಲ್ಲಿ ಸೀಟು ಖಾಲಿಯಿದೆಯೇ ಎಂದು ಫೋನಿನಲ್ಲಿ ನೋಡತೊಡಗಿದ.

ಬುಧವಾರ ಸಂಜೆ ಹೌನ್ಸ್ಲೋದಿಂದ ಮೆಕ್ಯಾನಿಕ್ ಬಂದ. ದಪ್ಪನೆಯ, ಮೃದು ಮಾತಿನ ಮನುಷ್ಯ. ನಮ್ಮಲ್ಲಾದರೆ ಚಪ್ಪಲಿ ಬಾಗಿಲಲ್ಲಿ ಬಿಡುತ್ತಾರೆ. ಈತ ಜೇಬಿನಿಂದ ನೀಲಿ ಪ್ಲಾಸ್ಟಿಕ್ ಚೀಲ ತೆಗೆದು ಬೂಟುಗಳಿಗೆ ಹಾಕಿಕೊಂಡ. ನಡೆದರೆ ಹೆಜ್ಜೆಯ ಸದ್ದಾಗುತ್ತಿರಲಿಲ್ಲ. ಯಂತ್ರವನ್ನು ತೆರೆದು, ಕಿವಿಗೊಟ್ಟು ಕೇಳಿ, ಏನೂ ಕೆಟ್ಟಿಲ್ಲ ಎಂದ. ಇದಕ್ಕಿಂತ ಹೆಚ್ಚಿನ ಚಳಿಯಲ್ಲೂ ಇದು ಕೆಲಸ ಮಾಡುತ್ತದೆ. ಆದರೆ ಗ್ಯಾಸಿನ ಹಾಗೆ ಧಗ್ಗನೆ ಬಿಸಿ ಮಾಡುವಂಥದ್ದಲ್ಲ, ನಿಧಾನವಾಗಿ, ನಿಲ್ಲದೆ ಮಾಡುವಂಥದ್ದು. ನಿಲ್ಲಿಸಿದರೆ ಹಿಂದೆ ಬಿದ್ದದ್ದನ್ನು ಮತ್ತೆ ತುಂಬಿಕೊಳ್ಳಲು ಅದಕ್ಕೆ ಆಗುವುದಿಲ್ಲ.

ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಯಂತ್ರ ಹಿಂದಿನ ದಿನಗಳಲ್ಲಿ ಓಡಿದ್ದನ್ನು ಗುರುತಿಸಿದ ಗೆರೆ ತೋರಿಸಿದ. ಹತ್ತು ದಿನಗಳಿಂದ, ವಾರದ ದಿನಗಳಲ್ಲಿ ಬೆಳಗಿನ ಒಂಬತ್ತೂಕಾಲರ ಸುಮಾರಿಗೆ ಗೆರೆ ಕಡಿದುಹೋಗಿತ್ತು. ಸಂಜೆ ನಾಲ್ಕರ ಸುಮಾರಿಗೆ ಮತ್ತೆ ಹುಟ್ಟಿತ್ತು. ನಡುವೆ ಖಾಲಿ. ಶನಿವಾರ ಮಾತ್ರ ಬೇರೆ: ಏಳೂಕಾಲಿಗೆ ಕಡಿದು ಹನ್ನೆರಡಕ್ಕೆ ಬಂದಿತ್ತು. ಭಾನುವಾರ ಕಡಿದೇ ಇರಲಿಲ್ಲ.

ಯಾರಾದರೂ ಯಂತ್ರವನ್ನು ನಿಲ್ಲಿಸುತ್ತಿದ್ದೀರಾ ಎಂದು ಆತ ಕೇಳಿದ. ಹಗಲಲ್ಲಿ ಮನೆಯಲ್ಲಿರುವವರು ನಾನು, ಅತ್ಯಾ. ನಾವಿಬ್ಬರೂ ಇಲ್ಲವೆಂದೆವು. ಯಂತ್ರವಿದ್ದದ್ದು ಹೊರಗೆ, ನಾವು ಒಳಗೆ. ವೈರು ಎಲ್ಲಾದರೂ ಸಡಿಲಾಗಿರಬಹುದು, ಶುಕ್ರವಾರ ಇನ್ನೊಬ್ಬರನ್ನು ಕರೆತಂದು ನೋಡುತ್ತೇನೆ ಎಂದು ಹೇಳಿ ಆತ ಹೋದ.

ಅತ್ಯಾ ನನ್ನಿಂದ ಆ ಹೊತ್ತುಗಳನ್ನು ಕನ್ನಡದಲ್ಲಿ ಹೇಳಿಸಿಕೊಂಡರು. ಮತ್ತೊಮ್ಮೆ ಹೇಳಿಸಿಕೊಂಡರು. ಅವರ ಮುಖ ಹುಡುಗಿಯ ಮುಖದಂತಾಯಿತು.

“ಅದು ಸಾಲಿ ಟೈಮ್,” ಎಂದರು. “ಒಂಬತ್ತೂಕಾಲಕ್ಕ ಮನಿ ಬಿಡತಿದ್ರು. ಬಿಡೂ ಮುಂದ ಒಂದೊಂದ ಸ್ವಿಚ್ ಆರಿಸಿ ಹೋಗತಿದ್ರು. ನಾ ಅಡಗಿಮನ್ಯಾಗ ನಿಂತಿದ್ರೂ ಲೈಟ್ ಆರಿಸತಿದ್ರು. ನಾಲ್ಕಕ್ಕ ಬರತಿದ್ರು.”

ಬೆರಳು ಮಡಿಚಿ ದಿನಗಳನ್ನು ಎಣಿಸಿದರು.

“ಶನಿವಾರ ಮುಂಜಾನೆ ಸಾಲಿ. ಐತವಾರ ಸೂಟಿ.”

ಆನಂದ ಎದ್ದು ಹೋಗಿ ಹೆಚ್ಚಿನ ಹೊದಿಕೆ ತಂದು ತಾಯಿಗೆ ಹೊದಿಸಿದ.

ಪಕ್ಕದ ಮನೆ, ಗುರುವಾರ

ನಮ್ಮ ಗೋಡೆಯಾಚೆ ಮೋರೀನ್ ಎಂಬ ಮುದುಕಿ ಒಬ್ಬಳೇ ಇದ್ದಾಳೆ. ಕಸದ ಡಬ್ಬಿ ಹೊರಗಿಡುವಾಗ ಪರಿಚಯವಾದವಳು. ನಾನು ಮನೆಯೊಳಗೂ ಕೋಟು ಹಾಕಿಕೊಂಡಿರುವುದನ್ನು ಕಿಟಕಿಯಿಂದ ಕಂಡು ಗುರುವಾರ ಮಧ್ಯಾಹ್ನ ಚಹಾಕ್ಕೆ ಕರೆದಳು. ಅವಳ ಮನೆಗೆ ಕಾಲಿಟ್ಟರೆ ಮತ್ತೆ ಅದೇ ಶಿವರಾತ್ರಿಯ ನಂತರದ ಕಾವು. ರೇಡಿಯೇಟರ್ ಮೇಲೆ ಬೆಕ್ಕು ಮೈಮರೆತು ಮಲಗಿತ್ತು. ಅವಳಲ್ಲೂ ಅದೇ ಯಂತ್ರ, ಅದೇ ಬೇಸಿಗೆಯಲ್ಲಿ ಅದೇ ಜನ ಹಾಕಿಹೋದದ್ದು. ಗೋಡೆಯ ಆಚೆ ಈಚೆ ಒಂದೇ ಚಳಿ.

ಏನು ಮಾಡುತ್ತೀರಿ ಎಂದು ಕೇಳಿದೆ. ಏನೂ ಮಾಡುವುದಿಲ್ಲ ಎಂದಳು. ಹಾಕಿಕೊಟ್ಟವನು ಇದು ಮನೆಯಲ್ಲಿದೆ ಎಂಬುದನ್ನೇ ಮರೆತುಬಿಡಿ ಎಂದಿದ್ದನಂತೆ, ಮರೆತಿದ್ದಾಳಂತೆ. ಒಂದೇ ಒಂದು ಸಲ, ಊರಿಂದ ಬಂದ ತಂಗಿ ಮಹಡಿಯಲ್ಲಿ ಏನನ್ನೋ ಆರಿಸಿಬಿಟ್ಟು ರಾತ್ರಿಯೆಲ್ಲ ನಡುಗಿದ್ದರಂತೆ.

ಕೈ ತೊಳೆಯಲು ಅವಳ ಮಹಡಿಗೆ ಹೋದೆ. ಮನೆ ನಮ್ಮದರ ಕನ್ನಡಿ ಬಿಂಬದಂತಿತ್ತು. ಬಚ್ಚಲಿನ ಹೊರಗೆ, ನೀರಿನ ಟ್ಯಾಂಕಿನ ಕಪಾಟಿನ ಪಕ್ಕ, ಗೋಡೆಯಲ್ಲಿ ಬಿಳಿಯ ಸ್ವಿಚ್. ಅದರಲ್ಲಿ ಕಡಲೆಬೇಳೆಯಷ್ಟು ಕೆಂಪು ದೀಪ. ಸ್ವಿಚ್ಚಿನ ಮೇಲೆ ಅಡ್ಡಡ್ಡ ಪಟ್ಟಿ ಅಂಟಿಸಿ ಮೋರೀನ್ ನಡುಗುವ ಅಕ್ಷರದಲ್ಲಿ ಮುಟ್ಟಬೇಡಿ ಎಂದು ಬರೆದಿದ್ದಳು. ಇದೇನು ಎಂದು ಕೆಳಗೆ ಬಂದು ಕೇಳಿದೆ. ಯಂತ್ರದ ಮೆದುಳಿಗೆ ಕರೆಂಟ್ ಕೊಡುವ ಸ್ವಿಚ್ ಎಂದಳು.

ಚಹಾ ಅಲ್ಲೇ ಬಿಟ್ಟು ಬಂದೆ. ಡೈರಿ ತೆಗೆದೆ. ಎರಡನೆಯ ದಿನ: ಗೀಸರ್ ಬಂದ್. ಮೂರನೆಯ ದಿನ: ಗೀಸರ್ ಬಂದ್. ಶನಿವಾರದ ಪುಟದಲ್ಲಿ: “ಏಳಕ್ಕೆ ಸ್ನಾನ, ಗೀಸರ್ ಬಂದ್.” ಭಾನುವಾರ: “ಆನಂದನ ಸ್ನಾನ ಇನ್ನೂ ಆಗಿಲ್ಲ, ಗೀಸರ್ ಹಾಗೇ ಬಿಟ್ಟೆ.” ಒಂದು ದಿನವೂ ತಪ್ಪಿಲ್ಲ, ಎಲ್ಲ ನನ್ನದೇ ಅಕ್ಷರ.

ನಾನು ಬೆಳೆದ ಮನೆಯಲ್ಲಿ ಬಚ್ಚಲಿನ ಹೊರಗೆ ಕೆಂಪು ದೀಪದ ಸ್ವಿಚ್ ಎಂದರೆ ಗೀಸರ್. ಕೊನೆಗೆ ಮಿಂದವರು ಆರಿಸಬೇಕು. ಹಿಂದಿನ ಓಣಿಯಲ್ಲಿ ಯಾರದೋ ಗೀಸರ್ ಸಿಡಿದು ಬಚ್ಚಲಿನ ಬಾಗಿಲು ಅಂಗಳಕ್ಕೆ ಬಿದ್ದ ಮೇಲೆ ಅವ್ವನಿಗೆ ಅದೇ ಚಿಂತೆ. ಬಸ್ಸು ಹೊರಟ ಮೇಲೂ “ಗೀಸರ್ ಆರಿಸಿದ್ಯಾ?” ಎಂದು ಕೇಳಿ ನನ್ನನ್ನು ಇಳಿಸಿ ವಾಪಸು ಕಳಿಸಿದ್ದುಂಟು. ಇಲ್ಲಿ ಬಿಸಿನೀರನ್ನೂ ಹೀಟ್ ಪಂಪೇ ಕೊಡುತ್ತದೆ, ಗೀಸರ್ ಎಂಬುದೇ ಇಲ್ಲ ಎಂದು ಬಂದ ದಿನವೇ ಹೇಳಿದ್ದೆನೆಂದು ವೀಣಾ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ, ಬರೆದೂ ಇಲ್ಲ. ನನ್ನನ್ನು ಹೆದರಿಸಿದ್ದು ಇನ್ನೊಂದು ಸಂಗತಿ. ಎಷ್ಟು ಪ್ರಯತ್ನಿಸಿದರೂ ಆ ಸ್ವಿಚ್ಚಿನ ಮೇಲೆ ನನ್ನ ಬೆರಳು ಇದ್ದ ಒಂದು ಗಳಿಗೆಯೂ ನನಗೆ ನೆನಪಾಗಲಿಲ್ಲ. ದಿನವೂ ಒಂಬತ್ತೂಕಾಲಿಗೆ ಈ ಮೈಯಲ್ಲಿ ನಾನಲ್ಲದೆ ಇನ್ನಾರೋ ಇದ್ದರು.

ಹಾಗಾದರೆ ನಾಲ್ಕಕ್ಕೆ ಹಾಕುತ್ತಿದ್ದವರು ಯಾರು? ಮಹಡಿಗೆ ಹೋದೆ. ನಾಲ್ಕಾಗುತ್ತಿತ್ತು, ಕಿಟಕಿ ಬೂದಿಬಣ್ಣವಾಗಿತ್ತು. ಅತ್ಯಾ ಹೆರಳು ಹಾಕಿಕೊಂಡು, ಇಳಕಲ್ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಎದುರಿನ ಸ್ಟೂಲಿನ ಮೇಲೆ ಎರಡು ಕಪ್ಪು ಚಹಾ, ಹಬೆಯಾಡುತ್ತಿದ್ದವು. ಒಂದು ನನಗೆಂದು ಕೈ ಚಾಚಿದೆ.

“ಅದು ನಿಂದಲ್ಲ,” ಎಂದರು.

ಅವರ ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಗೀಸರ್ ನೀವು ಹಾಕಿದಿರಾ ಎಂದು ಕೇಳಿದೆ. ಹೌದೆಂದರು. ದೀಪ ಹಚ್ಚುವ ಮೊದಲು ಕೈಕಾಲು ಮುಖ ತೊಳೆಯಬೇಕಲ್ಲ. ಬೆಳಗಿನ ಸ್ನಾನಕ್ಕೂ ಆಗುತ್ತದೆಂದು ಹಾಗೇ ಬಿಡುತ್ತಾರೆ. ಶನಿವಾರ ಒಪ್ಪತ್ತು, ಮಧ್ಯಾಹ್ನವೇ ಎರಡನೆಯ ಸಲ ಮೀಯುತ್ತಾರೆ. ನಾನು ದಿನಾ ಆರಿಸುವುದನ್ನು ಅವರು ಕುರ್ಚಿಯಿಂದ ನೋಡುತ್ತಲೇ ಇದ್ದರು. ಚೊಕ್ಕ ಮನೆತನದ ಹುಡುಗಿ ಎಂದುಕೊಂಡಿದ್ದರಂತೆ. ಮೆಕ್ಯಾನಿಕ್ ಕೇಳಿದ್ದು ಯಂತ್ರದ ಬಗ್ಗೆ, ಗೀಸರಿನ ಬಗ್ಗೆಯಲ್ಲ.

ಮೆಟ್ಟಿಲೊಂದು ಕಿರ್ ಎಂದಿತು. ಅವರು ಆ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು. ಕೊಳವೆಗಳು, ಮರ, ತಣಿದು ಕುಗ್ಗುವಾಗಲೂ ಕಾದು ಹಿಗ್ಗುವಾಗಲೂ ಹೀಗೆ ಸದ್ದು ಮಾಡುತ್ತವೆಂದು ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು. ಆದರೂ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಹೇಳಿದರೆ ಈ ಮನೆ ಅವರಿಗೆ ಉಳಿಯುತ್ತದೆ, ಮನೆಗೆ ಬರುವವರು ಉಳಿಯುವುದಿಲ್ಲ. ಹೇಳದಿದ್ದರೆ ಮುಂದಿನ ಗುರುವಾರ ವಿಮಾನದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೆಮ್ಮುತ್ತ ಕೂತಿರುತ್ತಾರೆ. ಎರಡನೆಯ ಕಪ್ಪಿನ ಹಬೆ ನಿಲ್ಲುವವರೆಗೂ ಅಲ್ಲಿಯೇ ನಿಂತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಡೈರಿಯನ್ನು ಮೇಜಿನ ಮೇಲಿಟ್ಟು ಓದಿದೆ. ಆನಂದ ಮೊದಲು ನಕ್ಕ, ತಡೆಯಲಾರದೆ ನಕ್ಕ. ತಾಯಿಯ ಮುಖ ನೋಡಿ ನಿಲ್ಲಿಸಿದ.

“ಹಂಗಾರ ಅವರು ಬಂದಿದ್ದಿಲ್ಲ,” ಎಂದರು ಅತ್ಯಾ.

ಪ್ರಶ್ನೆಯಂತೆ ಕೇಳಲಿಲ್ಲ ಅದನ್ನು. ತಟ್ಟೆ ತೊಳೆದಿಟ್ಟು ಮೇಲೆ ಹೋದರು.

ಹೇಸ್, ಹೊರಡುವ ಮುಂಜಾನೆ

ವೀಣಾ ಸ್ವಿಚ್ಚಿಗೆ ಟೇಪು ಸುತ್ತಿ ಅದರ ಮೇಲೆ ಮುಟ್ಟಬ್ಯಾಡ ಎಂದು ದಪ್ಪಗೆ ಬರೆದಳು. ಮೆಕ್ಯಾನಿಕ್ ಮತ್ತೆ ಬರುವುದು ಬೇಡವೆಂದು ಆನಂದ ಫೋನ್ ಮಾಡಿದ. ಯಂತ್ರದ ಆ ಗೆರೆ ತನ್ನ ಫೋನಿನಲ್ಲೂ ಕಾಣುವಂತೆ ವೀಣಾ ಮಾಡಿಸಿಕೊಂಡಳು. ಶುಕ್ರವಾರ ಸಂಜೆಗೆ ಮನೆ ಹದಿನೆಂಟಕ್ಕೆ ಬಂತು, ಶನಿವಾರ ಇಪ್ಪತ್ತಕ್ಕೆ, ಅಲ್ಲಿಯೇ ನಿಂತಿತು. ಆ ವಾರ ಚಳಿ ಇನ್ನೂ ಏರಿ ಕಾಲುವೆಯ ಅಂಚು ಹೆಪ್ಪುಗಟ್ಟಿತು, ಬಾತುಕೋಳಿಗಳು ನಡುನೀರಿಗೆ ಹೋದವು. ಯಂತ್ರ ಮೈಮೇಲೆ ಮಂಜು ಕಟ್ಟಿಕೊಂಡು, ಆಗಾಗ ಬೆಳ್ಳನೆಯ ಹಬೆಯುಸಿರು ಬಿಟ್ಟು, ಮತ್ತೆ ತನ್ನ ಕೆಲಸಕ್ಕೆ ತೊಡಗುತ್ತಿತ್ತು. ಅತ್ಯಾರ ಕೆಮ್ಮು ಇಳಿಯಿತು. ಕಲಬುರಗಿಯ ಮಾತನ್ನು ಆನಂದ ಎತ್ತಲಿಲ್ಲ.

ಆದರೆ ಅತ್ಯಾ ಆ ಕುರ್ಚಿಯಲ್ಲಿ ಕೂಡುವುದನ್ನು ಬಿಟ್ಟರು. ಚಹಾ ಒಂದೇ ಕಪ್ಪು, ಅದನ್ನೂ ಕೆಳಗೇ ಕುಡಿಯುತ್ತಿದ್ದರು. ಮೆಟ್ಟಿಲುಗಳು ಸುಮ್ಮನಾಗಿದ್ದವು. ಕಾವು ಏರಿಳಿಯದ ಮನೆಯಲ್ಲಿ ಮರಕ್ಕೆ ಮಾತಾಡಲು ಕಾರಣವಿರುವುದಿಲ್ಲ.

ಹೊರಡುವ ದಿನ ಆನಂದ, ವೀಣಾ ಬೇಗ ಹೋಗಿ ಮಧ್ಯಾಹ್ನ ನನ್ನನ್ನು ವಿಮಾನಕ್ಕೆ ಬಿಡಲು ಬರುವವರಿದ್ದರು. ಸ್ನಾನ ಮುಗಿಸಿ ಬಾಗಿಲು ತೆರೆದರೆ ಅತ್ಯಾ ಕುರ್ಚಿಯಲ್ಲಿದ್ದರು. ಇಳಕಲ್ ಸೀರೆ. ಉಗುರಿನಿಂದ ಟೇಪಿನ ಅಂಚನ್ನು ಎಬ್ಬಿಸಿ ಬಿಡಿಸಿಟ್ಟಿದ್ದರು.

“ಒಂದ್ ಸಲ ಆರಿಸು ಸುಧಾ. ಆಮ್ಯಾಲ ನಾ ಹಾಕ್ತೀನಿ.”

ಡಾಕ್ಟರ ಮಾತು ನೆನಪಿಸಿದೆ.

“ಎರಡ ನಿಮಿಷಕ್ಕ ಮನಿ ಥಂಡಾಗಂಗಿಲ್ಲ. ಇಷ್ಟ ವರ್ಷ ಅವರು ಸ್ವಿಚ್ ಆರಿಸೂ ಸಪ್ಪಳಾ ಕೇಳಿ ಕೇಳಿ ಬ್ಯಾಸತ್ತಿದ್ದೆ. ಈಗ ಕೇಳಬೇಕಾಗೇದ.”

ಕಣ್ಣು ಮುಚ್ಚಿ ಕೂತರು. ಟಕ್ ಎಂದಿತು. ಕೆಂಪು ದೀಪ ಹೋಯಿತು. ಹಿತ್ತಲಿನಲ್ಲಿ ಫ್ಯಾನು ನಿಂತಿತು. ಅದರ ಸದ್ದನ್ನು ಇಷ್ಟು ದಿನ ಕೇಳುತ್ತಲೇ ಇದ್ದೆನೆಂದು ನಿಂತಾಗ ತಿಳಿಯಿತು. ಅತ್ಯಾ ಯಾರೋ ಮೆಟ್ಟಿಲಿಳಿದು, ಬಾಗಿಲು ದಾಟಿ, ಓಣಿಯ ತಿರುವು ಮುಟ್ಟುವವರೆಗೆ ಕಾಯುವಂತೆ ಕೂತಿದ್ದರು. ಆಮೇಲೆ ಎದ್ದು ಸ್ವಿಚ್ ಹಾಕಿ, ಟೇಪನ್ನು ಬೆರಳಿನಿಂದ ಒತ್ತಿ ಅಂಟಿಸಿದರು.

ವಿಮಾನ ನಿಲ್ದಾಣದಲ್ಲಿ ವೀಣಾ ಫೋನ್ ನೋಡಿ, ಒಂಬತ್ತೂಕಾಲಕ್ಕೆ ನಾಲ್ಕು ನಿಮಿಷ ಗೆರೆ ಕಡಿದಿದೆ, ಮತ್ತೆ ಆರಿಸಿದೆಯಾ ಎಂದು ಕೇಳಿದಳು. ಕೈ ತಪ್ಪಿ ಎಂದೆ.

ಈಗ ಧಾರವಾಡದಲ್ಲಿ ಕೂತು ನೆನೆದರೆ ನನ್ನ ಬೆರಳು ಸ್ವಿಚ್ಚಿನಿಂದ ಇನ್ನೂ ಒಂದು ಗೇಣು ದೂರವಿದ್ದಾಗಲೇ ಅದು ಟಕ್ ಎಂದಿತು. ಮೆಟ್ಟಿಲು ಒಂದಾದ ಮೇಲೊಂದು ಕಿರ್ ಎಂದವು, ನಡುವೆ ಎಲ್ಲಿಯೂ ನಿಲ್ಲದೆ, ಕೊನೆಯ ಮೆಟ್ಟಿಲಿನ ತನಕ. ನನ್ನ ನೆನಪು ಎಂಥದೆಂದು ನನಗೆ ಗೊತ್ತು. ಅದಕ್ಕೇ ಡೈರಿ ತೆಗೆದು ನೋಡಿದೆ. ವಿಮಾನದಲ್ಲಿ ಕೂತು ಅಂದೇ ಬರೆದ ಪುಟ. “ಒಂಬತ್ತಕ್ಕೆ ಸ್ನಾನ. ಸ್ವಿಚ್ ಆರಿಸಿದೆ. ಅತ್ಯಾ ಹಾಕಿದರು.” ಅದರ ಮೇಲೆ ಇನ್ನೊಂದು ಸಾಲಿದೆ. ಅದನ್ನು ನಾನು ಹೊಡೆದುಹಾಕಿದ್ದೇನೆ, ಕಾಗದ ಹರಿಯುವಷ್ಟು ಒತ್ತಿ, ಬೆಳಕಿಗೆ ಹಿಡಿದರೂ ಓದಲಾಗದಂತೆ.